ಡ್ರಾಫ್ಟ್‌ಗೆ ಮುನ್ನ ಕಾರ್ನರ್‌ಬ್ಯಾಕ್ ಹುಡುಗನನ್ನು ಅಳೆಯುವುದು ಹೇಗೆ? 2022ರ ಆಟಗಾರರನ್ನು ಮುಂದಿಟ್ಟುಕೊಂಡು ಒಂದು ಮಾರ್ಗದರ್ಶಿ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಾರ್ನರ್‌ಬ್ಯಾಕ್ ಟಿವಿಯಲ್ಲಿ ಕಾಣಿಸುವುದು ಹೆಚ್ಚಾಗಿ ಅವನು ಸೋತಾಗಲೇ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವುದು) ಆಗಿ ಒಂದೆರಡು ಸೆಕೆಂಡಿಗೆ, ಮೈದಾನದ ಅಂಚಿನಲ್ಲಿ ಎದುರಾಳಿಯ ರಿಸೀವರ್‌ನನ್ನು, ಅಂದರೆ ಎಸೆದ ಚೆಂಡು ಹಿಡಿಯಲು ಓಡುವವನನ್ನು, ಕಾಯುವ ಈ ಹುಡುಗ ಪರದೆಯಿಂದ ಆಚೆ ಹೋಗಿರುತ್ತಾನೆ. ಚೆಂಡು ಅವನ ಕಡೆ ಬಂದರೆ ಮಾತ್ರ ಮತ್ತೆ ಕಾಣಿಸುತ್ತಾನೆ. ಪಂದ್ಯಕ್ಕೆ ಅರವತ್ತು, ಎಪ್ಪತ್ತು ಸ್ನ್ಯಾಪ್ ಆಡುವ ಒಳ್ಳೆಯ ಕಾರ್ನರ್ ಕಡೆ ಚೆಂಡು ಬರುವುದು ನಾಲ್ಕೈದು ಸಲ ಇರಬಹುದು. ಆ ನಾಲ್ಕೈದನ್ನಷ್ಟೇ ನೋಡಿ ಹುಡುಗನ ಬೆಲೆ ಕಟ್ಟುವುದು ಸರಿಯಲ್ಲ, ಅಲ್ವಾ? ಉಳಿದ ಅರವತ್ತನ್ನು ನೋಡುವುದು ಹೇಗೆ ಅನ್ನುವುದೇ ಈ ಬರಹದ ವಿಷಯ.

ಉದಾಹರಣೆಗೆ 2022ರ ಎನ್‌ಎಫ್‌ಎಲ್ ಡ್ರಾಫ್ಟ್ ಇಟ್ಟುಕೊಳ್ಳೋಣ. ಎನ್‌ಎಫ್‌ಎಲ್ ಅಂದರೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್, ಡ್ರಾಫ್ಟ್ ಅಂದರೆ ಅದರ ತಂಡಗಳು ಸರದಿ ಪ್ರಕಾರ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವುದು. ಆ ವರ್ಷದ ಹುಡುಗರ ಕಥೆ ಮುಂದೆ ಏನಾಯಿತು ಅಂತ ಈಗ ಗೊತ್ತಿದೆ. ಡೆರೆಕ್ ಸ್ಟಿಂಗ್ಲಿ ಜೂನಿಯರ್ 3ನೇ ಆಯ್ಕೆಯಾಗಿ ಹ್ಯೂಸ್ಟನ್‌ಗೆ ಹೋದರು. ಸಾಸ್ ಗಾರ್ಡ್ನರ್ 4ನೇ ಆಯ್ಕೆ, ನ್ಯೂಯಾರ್ಕ್ ಜೆಟ್ಸ್‌ಗೆ. ಟ್ರೆಂಟ್ ಮೆಕ್‌ಡಫಿ 21ನೇ ಆಯ್ಕೆ, ಕಾನ್ಸಾಸ್ ಸಿಟಿಗೆ. ಏಳನೇ ಸುತ್ತಿನ ಕೊನೆಯವರೆಗೂ ಈ ಪಟ್ಟಿಯಲ್ಲಿ ಕಲಿಯುವುದಕ್ಕೆ ಏನಾದರೊಂದು ಸಿಗುತ್ತದೆ.

ಹೆಜ್ಜೆ 1: ಯಾವ ಕೆಲಸಕ್ಕೆ ಅಂತ ಮೊದಲು ಬರೆದುಕೊಳ್ಳಿ

"ಒಳ್ಳೆಯ ಕಾರ್ನರ್" ಅಂತ ಒಂದೇ ಜಾತಿ ಇಲ್ಲ. ಹೊರಗಿನ ಅಂಚಿನಲ್ಲಿ ನಿಲ್ಲುವವನ ಕೆಲಸ ಬೇರೆ. ಒಳಗೆ, ಸ್ಲಾಟ್ ರಿಸೀವರ್ ಎದುರು ನಿಲ್ಲುವ ನಿಕಲ್‌ನ ಕೆಲಸ ಬೇರೆ. ಹೊರಗಿನವನಿಗೆ ಪಕ್ಕದ ಗೆರೆಯೇ ಒಂದು ಸಹಾಯ, ರಿಸೀವರ್ ಆ ಕಡೆ ಓಡಿ ತಪ್ಪಿಸಿಕೊಳ್ಳುವಂತಿಲ್ಲ. ನಿಕಲ್‌ಗೆ ಎರಡೂ ಕಡೆ ಬಯಲು. ಜೊತೆಗೆ ರನ್ ಆಟದಲ್ಲಿ (ಎಸೆಯದೆ ಚೆಂಡು ಹಿಡಿದು ಓಡುವ ಆಟದಲ್ಲಿ) ದೊಡ್ಡ ಮೈಯವರ ಗುದ್ದು ಬೇರೆ.

ಆಮೇಲೆ ತಂಡದ ಪದ್ಧತಿ. ಮ್ಯಾನ್ ಕವರೇಜ್‌ನಲ್ಲಿ ಕಣ್ಣು ರಿಸೀವರ್ ಮೇಲೆ. ಝೋನ್‌ನಲ್ಲಿ ಕಣ್ಣು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ, ಜೊತೆಗೆ ತನ್ನ ಜಾಗಕ್ಕೆ ಯಾರು ಬರುತ್ತಿದ್ದಾರೆ ಅನ್ನುವ ಲೆಕ್ಕ. 2022ರಲ್ಲಿ ಬಫಲೋ ಬಿಲ್ಸ್ ಮೊದಲ ಸುತ್ತಿನಲ್ಲೇ, 23ನೇ ಆಯ್ಕೆಯಾಗಿ ಫ್ಲೋರಿಡಾ ವಿಶ್ವವಿದ್ಯಾಲಯದ ಕೈರ್ ಎಲಮ್ ಅವರನ್ನು ತೆಗೆದುಕೊಂಡಿತು. ಎತ್ತರ, ವೇಗ ಎರಡೂ ಇದ್ದ ಹುಡುಗ. ಕಾಲೇಜಿನಲ್ಲಿ ರಿಸೀವರ್‌ಗೆ ಅಂಟಿಕೊಂಡು, ಕೈ ಹಾಕಿ ಆಡಿ ಹೆಸರು ಮಾಡಿದವರು. ಬಿಲ್ಸ್ ಆಗ ಜಾಸ್ತಿ ಝೋನ್ ಆಡುತ್ತಿದ್ದ ತಂಡ. ಅದೇ ತಂಡ ಅದೇ ಡ್ರಾಫ್ಟ್‌ನ ಆರನೇ ಸುತ್ತಿನಲ್ಲಿ, 185ನೇ ಆಯ್ಕೆಯಾಗಿ, ವಿಲನೋವಾ ಎಂಬ ಚಿಕ್ಕ ಹಂತದ ಕಾಲೇಜಿನ ಕ್ರಿಶ್ಚಿಯನ್ ಬೆನ್‌ಫರ್ಡ್ ಅವರನ್ನೂ ಕರೆದುಕೊಂಡಿತ್ತು. ಖಾಯಂ ಜಾಗ ಗಿಟ್ಟಿಸಿದ್ದು ಬೆನ್‌ಫರ್ಡ್. ಎಲಮ್ 2025ರಲ್ಲಿ ಡಲ್ಲಾಸ್‌ಗೆ ಟ್ರೇಡ್ ಆದರು. ಎಲಮ್‌ಗೆ ಪ್ರತಿಭೆ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಅವರ ಕೈಗೆ ಗೊತ್ತಿದ್ದ ಕೆಲಸವೇ ಬೇರೆ, ಆ ತಂಡಕ್ಕೆ ಬೇಕಿದ್ದ ಕೆಲಸವೇ ಬೇರೆ.

ಹಾಗಾಗಿ ಹಾಳೆಯ ತಲೆಯ ಮೇಲೆ ಮೂರು ಪ್ರಶ್ನೆ ಬರೆದುಕೊಳ್ಳಿ: ಹೊರಗೋ ಒಳಗೋ? ಮ್ಯಾನೋ ಝೋನೋ? ಯಾವ ತಂಡದ ಕಣ್ಣಿನಿಂದ ನೋಡುತ್ತಿದ್ದೇನೆ?

ಹೆಜ್ಜೆ 2: ಹೈಲೈಟ್ಸ್ ಬಿಡಿ, ಪೂರ್ತಿ ಪಂದ್ಯ ನೋಡಿ

ಯೂಟ್ಯೂಬ್‌ನ ಐದು ನಿಮಿಷದ ತುಣುಕುಗಳಲ್ಲಿ ಎಲ್ಲರೂ ಮಹಾವೀರರೇ. ಹುಡುಗ ಚೆಂಡು ಕಸಿದ ಸಂಗೀತಮಯ ದೃಶ್ಯ ಸಿಗುತ್ತದೆ. ಮೋಸಹೋಗಿ ಹಿಂದೆ ಬಿದ್ದಿದ್ದು, ಕ್ವಾರ್ಟರ್‌ಬ್ಯಾಕ್ ಅದನ್ನು ಗಮನಿಸದೆ ಬೇರೆ ಕಡೆ ಎಸೆದಿದ್ದು ಸಿಗುವುದಿಲ್ಲ.

ಇಪ್ಪತ್ತೆರಡೂ ಆಟಗಾರರು ಒಟ್ಟಿಗೆ ಕಾಣುವ, ಮೇಲಿಂದ ತೆಗೆದ ದೃಶ್ಯಕ್ಕೆ ಆಲ್-22 ಅನ್ನುತ್ತಾರೆ. ಕಾಲೇಜು ಪಂದ್ಯಗಳದ್ದು ನಮ್ಮಂಥವರ ಕೈಗೆ ಸಿಗುವುದು ಕಷ್ಟ. ಟಿವಿ ಪ್ರಸಾರವೇ ಗತಿ ಅಂತಾದರೆ ಎರಡು ಉಪಾಯ ಇವೆ. ಗೋಲ್‌ಗೆರೆಯ ಹಿಂದಿನ ಕ್ಯಾಮೆರಾದ ಮರುಪ್ರಸಾರಗಳನ್ನು ಬಿಡದೆ ನೋಡಿ, ಅದರಲ್ಲಿ ಕಾರ್ನರ್‌ನ ಕಾಲು ಚೆನ್ನಾಗಿ ಕಾಣುತ್ತದೆ. ಎರಡನೆಯದು, ಗೋಲ್‌ಗೆರೆಗೆ 20 ಯಾರ್ಡ್ ಒಳಗಿನ ಆಟಗಳಿಗೆ ಹೆಚ್ಚು ಸಮಯ ಕೊಡಿ. ಅಲ್ಲಿ ಜಾಗವೇ ಕಡಿಮೆ, ಆದ್ದರಿಂದ ಕಾರ್ನರ್ ಕ್ಯಾಮೆರಾದಿಂದ ಅಷ್ಟು ಸುಲಭಕ್ಕೆ ಆಚೆ ಹೋಗುವುದಿಲ್ಲ.

ಯಾವ ಪಂದ್ಯ? ಕನಿಷ್ಠ ನಾಲ್ಕು ಆರಿಸಿ. ಅವನೆದುರು ಅತಿ ಒಳ್ಳೆಯ ರಿಸೀವರ್ ಆಡಿದ್ದು ಒಂದು. ಅವನು ಕೆಟ್ಟದಾಗಿ ಆಡಿದ್ದು ಒಂದು. ಹಿಂದಿನ ವರ್ಷದ್ದು ಒಂದು, ಸುಧಾರಿಸಿದ್ದಾನೋ ಇಲ್ಲವೋ ಗೊತ್ತಾಗಬೇಕಲ್ಲ. ಕೊನೆಯದು ಸುಮ್ನೆ ಯಾವುದೋ ಸಾಧಾರಣ ಪಂದ್ಯ. ಗಾರ್ಡ್ನರ್ ಸಿನ್ಸಿನಾಟಿ ವಿಶ್ವವಿದ್ಯಾಲಯದವರು. ಆ ತಂಡ ತನ್ನ ಲೀಗ್‌ನಲ್ಲಿ ಆಡುತ್ತಿದ್ದ ಎದುರಾಳಿಗಳು ಅಷ್ಟೇನೂ ದೊಡ್ಡವರಲ್ಲ ಅನ್ನುವ ಅನುಮಾನ ಆಗ ಹಲವರಿಗಿತ್ತು. ಆದ್ದರಿಂದ 2021ರ ಡಿಸೆಂಬರ್ 31ರಂದು ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಅಲಬಾಮಾ ಎದುರು ನಡೆದ ಕಾಟನ್ ಬೌಲ್ ಪಂದ್ಯವನ್ನು ಎಲ್ಲರೂ ಹುಡುಕಿ ನೋಡಿದರು. ಸಿನ್ಸಿನಾಟಿ 27-6ರಲ್ಲಿ ಸೋತಿತು. ಆದರೆ ಅಲಬಾಮಾ ಗೆದ್ದಿದ್ದು ಮುಖ್ಯವಾಗಿ ಓಡಿ. ಅವರ ರನ್ನಿಂಗ್ ಬ್ಯಾಕ್ ಬ್ರಯಾನ್ ರಾಬಿನ್ಸನ್ ಒಬ್ಬರೇ 204 ಯಾರ್ಡ್ ಓಡಿದರು. ತಂಡ ಸೋತ ಅಂಕ ನೋಡಿ ಕಾರ್ನರ್ ಸೋತ ಅಂದುಕೊಂಡರೆ ಎಡವಿದ ಹಾಗೆ.

ಹೆಜ್ಜೆ 3: ಪ್ರತಿ ಸ್ನ್ಯಾಪ್‌ಗೂ ಒಂದು ಸಾಲು

ನೋಟ್‌ಬುಕ್ ಸಾಕು, ಎಕ್ಸೆಲ್ ಇದ್ದರೆ ಇನ್ನೂ ಒಳ್ಳೆಯದು. ಎಷ್ಟನೇ ಡೌನ್ (10 ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಎಷ್ಟನೆಯದು), ಎಷ್ಟು ಯಾರ್ಡ್ ಬೇಕು, ಕಾರ್ನರ್ ಆಟ ಶುರುವಾಗುವ ಗೆರೆಯ ಹತ್ತಿರ ನಿಂತಿದ್ದನೋ ದೂರವೋ, ರಿಸೀವರ್ ಯಾವ ದಾರಿ ಹಿಡಿದ, ಏನಾಯಿತು. ಕೊನೆಯಲ್ಲಿ ಒಂದು ಗುರುತು: ಗೆದ್ದ, ಸೋತ, ಸಮ. ಚೆಂಡು ಅವನ ಕಡೆ ಬಂತೋ ಇಲ್ಲವೋ ಅನ್ನುವುದನ್ನು ಈ ಗುರುತಿಗೆ ಸೇರಿಸಬೇಡಿ, ಅದಕ್ಕೆ ಬೇರೆ ಕಾಲಂ ಇರಲಿ. ರಿಸೀವರ್ ಎರಡು ಯಾರ್ಡ್ ಮುಂದೆ ಹೋಗಿ ಒಬ್ಬನೇ ನಿಂತಿದ್ದರೆ ಅದು ಸೋತ ಸ್ನ್ಯಾಪ್. ಚೆಂಡು ಇನ್ನೊಂದು ಕಡೆ ಹೋಗಿದ್ದು ಹುಡುಗನ ಅದೃಷ್ಟ, ಅಷ್ಟೇ.

ಕಾಲೇಜಿನಲ್ಲಿ ಅವನು ಮೈದಾನದ ಯಾವ ಬದಿಗೆ ನಿಲ್ಲುತ್ತಿದ್ದ ಅನ್ನುವುದನ್ನೂ ಗುರುತು ಹಾಕಿ. ಮೈದಾನದ ನಡುವಿನ ಹ್ಯಾಶ್ ಗುರುತುಗಳ ಎರಡು ಸಾಲಿನ ಅಂತರ ಕಾಲೇಜಿನಲ್ಲಿ 40 ಅಡಿ. ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಅಂಗುಲ. ಚೆಂಡು ಒಂದು ಹ್ಯಾಶ್ ಮೇಲಿದ್ದಾಗ ಕಾಲೇಜಿನಲ್ಲಿ ಒಂದು ಬದಿ ತೀರಾ ಇಕ್ಕಟ್ಟು, ಇನ್ನೊಂದು ಬದಿ ತುಂಬಾ ವಿಶಾಲ. ಕೆಲವು ತಂಡಗಳು ಒಬ್ಬ ಕಾರ್ನರ್‌ನನ್ನು ಯಾವಾಗಲೂ ಇಕ್ಕಟ್ಟಿನ ಬದಿಗೇ ನಿಲ್ಲಿಸುತ್ತವೆ. ಅಂಥವನು ಬಯಲಲ್ಲಿ ಆಡಿ ತೋರಿಸಿದ್ದು ಎಷ್ಟು ಸಲ? ಎಣಿಸಿ ನೋಡಿ.

ಹೆಜ್ಜೆ 4: ಸೊಂಟ ಮತ್ತು ಕಾಲು

ಇದು ಇಡೀ ಕೆಲಸದ ತಿರುಳು. ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ.

ಕಬಡ್ಡಿಯಲ್ಲಿ ಮೂಲೆಯ ಡಿಫೆಂಡರ್ ರೈಡರ್‌ನ ಕೈಯಾಟಕ್ಕೆ ಮರುಳಾದರೆ ಮುಗಿಯಿತು. ಪಳಗಿದವನು ಸೊಂಟ, ಕಾಲು ನೋಡುತ್ತಾನೆ. ಕಾರ್ನರ್ ಕೂಡ ಹಾಗೇ ರಿಸೀವರ್‌ನ ಸೊಂಟ ನೋಡಬೇಕು. ನಾವು ಕಾರ್ನರ್‌ನ ಸೊಂಟ ನೋಡಬೇಕು.

ಮೊದಲು ಪ್ರೆಸ್. ಕಾರ್ನರ್ ರಿಸೀವರ್‌ನ ಮುಖದೆದುರೇ ನಿಂತಿರುತ್ತಾನೆ. ಸ್ನ್ಯಾಪ್ ಆದ ಕೂಡಲೇ ವಿಡಿಯೊ ನಿಧಾನ ಮಾಡಿ, ರಿಸೀವರ್‌ನ ಮೂರನೇ ಹೆಜ್ಜೆಗೆ ನಿಲ್ಲಿಸಿ. ರಿಸೀವರ್ ಮೊದಲ ಎರಡು ಹೆಜ್ಜೆಯಲ್ಲಿ ಆಸೆ ತೋರಿಸುತ್ತಾನೆ: ಹೊರಗೆ ಹೋಗುವ ಹಾಗೆ ಭುಜ ಅಲುಗಿಸಿ ಒಳಗೆ ನುಗ್ಗುತ್ತಾನೆ. ತಾಳ್ಮೆ ಇರುವ ಕಾರ್ನರ್ ಚಿಕ್ಕ ಹೆಜ್ಜೆ ಇಡುತ್ತಾ ಎದುರಿಗೇ ಉಳಿಯುತ್ತಾನೆ. ತಾಳ್ಮೆ ಇಲ್ಲದವನು ಆಗಲೇ ಸೊಂಟ ತಿರುಗಿಸಿ ಬಾಗಿಲು ತೆರೆದಿರುತ್ತಾನೆ. ಇನ್ನೊಂದು ತಪ್ಪು, ಗುದ್ದಲು ಹೋಗಿ ಮೈಭಾರವನ್ನೆಲ್ಲ ಮುಂದಕ್ಕೆ ಹಾಕುವುದು. ರಿಸೀವರ್ ಆ ಕೈಯನ್ನು ತಳ್ಳಿ ಹೋದರೆ ಕಾರ್ನರ್ ಮುಗ್ಗರಿಸುತ್ತಾನೆ. ಕೈ ಎದೆಗೆ ತಾಗಬೇಕು, ಆದರೆ ಕಾಲು ಕೈಗಿಂತ ಹಿಂದೆ ಉಳಿಯಬಾರದು.

ನಂತರ ದೂರ ನಿಂತಾಗ. ಕಾರ್ನರ್ ಏಳೆಂಟು ಯಾರ್ಡ್ ಹಿಂದೆ ನಿಂತು, ಸ್ನ್ಯಾಪ್ ಆದಮೇಲೆ ಹಿಮ್ಮುಖವಾಗಿ ಓಡುತ್ತಾನೆ. ಮೊಣಕಾಲು ಬಗ್ಗಿದೆಯೋ, ಇಲ್ಲ ಹೋಗುತ್ತಾ ಹೋಗುತ್ತಾ ನೆಟ್ಟಗಾಗುತ್ತಾನೋ? ರಿಸೀವರ್ ತಟ್ಟನೆ ನಿಂತು ತಿರುಗಿದಾಗ ಕಾರ್ನರ್ ಹಿಂದಿನ ಕಾಲು ಊರಿ ನೇರ ಮುಂದಕ್ಕೆ ಚಿಮ್ಮಬೇಕು. ನಡುವೆ ಬೇಡದ ಹೆಜ್ಜೆ ಎಷ್ಟು ಅಂತ ಎಣಿಸಿ. ಒಂದು ಬೇಡದ ಹೆಜ್ಜೆ ಕಾಲೇಜಿನಲ್ಲಿ ನಡೆದುಹೋಗುತ್ತದೆ. ಎನ್‌ಎಫ್‌ಎಲ್ ಕ್ವಾರ್ಟರ್‌ಬ್ಯಾಕ್ ಆ ಹೆಜ್ಜೆಗಾಗಿಯೇ ಕಾಯುತ್ತಿರುತ್ತಾನೆ.

ಮೂರನೆಯದು ಉದ್ದ ಓಟ. ರಿಸೀವರ್ ಪಕ್ಕ ತಲುಪಿದಾಗ ಕಾರ್ನರ್ ಹಿಮ್ಮುಖದಿಂದ ಮುಮ್ಮುಖಕ್ಕೆ ತಿರುಗಬೇಕು. ಆ ತಿರುವಿನಲ್ಲಿ ಎಷ್ಟು ನೆಲ ಕಳೆದುಕೊಂಡ? ಎಡಕ್ಕೆ ತಿರುಗಿದಷ್ಟೇ ಸಲೀಸಾಗಿ ಬಲಕ್ಕೂ ತಿರುಗುತ್ತಾನಾ? ಹಲವು ಹುಡುಗರಿಗೆ ಒಂದು ಬದಿ ಬಿಗಿ ಇರುತ್ತದೆ. ಟೇಪ್‌ನಲ್ಲಿ (ಪಂದ್ಯದ ವಿಡಿಯೊದಲ್ಲಿ) ಒಂದೇ ಬದಿಯ ಸೋಲುಗಳು ಸಾಲಾಗಿ ಬಂದರೆ ಅದು ಆಕಸ್ಮಿಕ ಅಲ್ಲ.

ಝೋನ್‌ನಲ್ಲಿ ಕಾಲಿಗಿಂತ ತಲೆ ನೋಡಿ. ಹೆಲ್ಮೆಟ್ ಯಾವ ಕಡೆ ತಿರುಗಿದೆ? ಕವರ್ 3 ಅಂದರೆ ಆಳದ ಜಾಗವನ್ನು ಮೂರು ಪಾಲು ಮಾಡಿ ಒಂದು ಪಾಲು ಅವನಿಗೆ. ಆ ಪಾಲಿಗೆ ಇಬ್ಬರು ಒಟ್ಟಿಗೆ ಬಂದಾಗ ಯಾರನ್ನು ಆರಿಸಿದ? ತನ್ನ ರಿಸೀವರ್ ಒಳಗೆ ಹೋದಾಗ ಅವನ ಹಿಂದೆಯೇ ಓಡಿ ಜಾಗ ಖಾಲಿ ಬಿಟ್ಟನೋ, ಜೊತೆಗಾರನಿಗೆ ಒಪ್ಪಿಸಿ ನಿಂತನೋ?

ಇವುಗಳಲ್ಲಿ ಕಲಿಸಬಹುದಾದ್ದು ಯಾವುದು, ಕಲಿಸಲಾಗದ್ದು ಯಾವುದು ಅಂತ ಬೇರೆ ಮಾಡಿ. ಕೈಯ ಜಾಗ, ಬೇಡದ ಹೆಜ್ಜೆ, ಕಣ್ಣಿನ ಶಿಸ್ತು, ಇವೆಲ್ಲ ಒಳ್ಳೆಯ ಕೋಚ್ ಕೈಯಲ್ಲಿ ಸುಧಾರಿಸುತ್ತವೆ. ಬಿಗಿ ಸೊಂಟ ಸುಧಾರಿಸುವುದು ತೀರಾ ಕಮ್ಮಿ. ಸಿಯಾಟಲ್ ತಂಡ 153ನೇ ಆಯ್ಕೆಯಾಗಿ ಟಾರಿಕ್ ವೂಲನ್ ಅವರನ್ನು ತೆಗೆದುಕೊಂಡಿದ್ದು ಇದೇ ಲೆಕ್ಕದಲ್ಲಿ ಅನ್ನಿಸುತ್ತದೆ. ಕಾಲೇಜಿನಲ್ಲಿ ರಿಸೀವರ್ ಆಗಿದ್ದು ಆಮೇಲೆ ಕಾರ್ನರ್‌ಗೆ ಬಂದವರು ಅವರು. ಆಟ ಇನ್ನೂ ಹಸಿ. ಆದರೆ 6 ಅಡಿ 4 ಅಂಗುಲದ ಆಳು, ಉದ್ದ ಕೈ, ಕಣ್ಣು ಕುಕ್ಕುವ ವೇಗ. ಮೊದಲ ವರ್ಷವೇ 6 ಇಂಟರ್‌ಸೆಪ್ಷನ್ ಮಾಡಿ, ಅಂದರೆ ಎದುರಾಳಿ ಎಸೆದ ಚೆಂಡನ್ನು ಆರು ಸಲ ಕಸಿದು, ಇಡೀ ಲೀಗ್‌ನಲ್ಲಿ ಮೊದಲ ಸ್ಥಾನ ಹಂಚಿಕೊಂಡರು.

ಹೆಜ್ಜೆ 5: ಚೆಂಡು ಬಂದಾಗ, ಮತ್ತು ಕೈ ಎಲ್ಲಿರುತ್ತದೆ

ಇಲ್ಲಿ ನೋಡಬೇಕಾದ್ದು ಗಾಬರಿ. ಚೆಂಡು ಗಾಳಿಯಲ್ಲಿದೆ, ಕಾರ್ನರ್ ಬೆನ್ನು ಹಾಕಿ ಓಡುತ್ತಿದ್ದಾನೆ. ಸಮಾಧಾನ ಇರುವವನು ರಿಸೀವರ್‌ಗೆ ಮೈ ತಾಗಿಸಿಕೊಂಡು, ಅವನ ಕಣ್ಣು, ಕೈ ಎದ್ದ ಕ್ಷಣ ತಲೆ ತಿರುಗಿಸುತ್ತಾನೆ. ಗಾಬರಿ ಬಿದ್ದವನು ಜರ್ಸಿ ಹಿಡಿಯುತ್ತಾನೆ.

ಪೆನಾಲ್ಟಿಗಳನ್ನು ಎಣಿಸುವಾಗ ನಿಯಮದ ವ್ಯತ್ಯಾಸ ಮರೆಯಬೇಡಿ. ಎನ್‌ಎಫ್‌ಎಲ್‌ನಲ್ಲಿ ಆಟ ಶುರುವಾಗುವ ಗೆರೆಯಿಂದ 5 ಯಾರ್ಡ್ ದಾಟಿದ ಮೇಲೆ ರಿಸೀವರ್‌ನನ್ನು ತಡೆದರೆ ತಪ್ಪು, ಎದುರಾಳಿಗೆ ತಾನಾಗಿಯೇ ಫಸ್ಟ್ ಡೌನ್ (ಹೊಸದಾಗಿ ನಾಲ್ಕು ಯತ್ನ). ಕಾಲೇಜಿನಲ್ಲಿ ಈ ಐದು ಯಾರ್ಡಿನ ಗೆರೆ ಇಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವವರೆಗೆ ಎದುರಿಗಿರುವ ರಿಸೀವರ್‌ನನ್ನು ತಡೆಯಲು ಸಡಿಲ ಜಾಸ್ತಿ. ಪಾಸ್ ಇಂಟರ್‌ಫಿಯರೆನ್ಸ್‌ಗೆ (ಚೆಂಡು ಬರುವಾಗ ರಿಸೀವರ್‌ಗೆ ಅಡ್ಡಿ ಮಾಡುವುದಕ್ಕೆ) ಕಾಲೇಜಿನಲ್ಲಿ ಹೆಚ್ಚೆಂದರೆ 15 ಯಾರ್ಡ್ ದಂಡ. ಎನ್‌ಎಫ್‌ಎಲ್‌ನಲ್ಲಿ ತಪ್ಪು ನಡೆದ ಜಾಗಕ್ಕೇ ಚೆಂಡು ಹೋಗುತ್ತದೆ. 40 ಯಾರ್ಡ್ ಆಚೆ ಜರ್ಸಿ ಹಿಡಿದರೆ 40 ಯಾರ್ಡ್ ಹೋಯಿತು. ಆದ್ದರಿಂದ ಕಾಲೇಜಿನಲ್ಲಿ ಬಿಳಿ ಹಾಳೆಯಂತೆ ಕಾಣುವ ಹುಡುಗನ ಟೇಪ್‌ನಲ್ಲೂ, ಐದು ಯಾರ್ಡ್ ಆಚೆ ಅವನ ಕೈ ಎಷ್ಟು ಸಲ ರಿಸೀವರ್ ಮೇಲಿತ್ತು ಅಂತ ನೀವೇ ಎಣಿಸಬೇಕು. ರೆಫರಿ ಎಣಿಸಿಲ್ಲದ್ದನ್ನೂ ಸೇರಿಸಿ.

ಹೆಜ್ಜೆ 6: ಇಂಟರ್‌ಸೆಪ್ಷನ್ ಲೆಕ್ಕ ನಂಬಬೇಡಿ

ಇದೊಂದು ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಇಂಟರ್‌ಸೆಪ್ಷನ್ ಆಗಬೇಕಾದರೆ ಮೊದಲು ಯಾರಾದರೂ ನಿಮ್ಮ ಕಡೆ ಎಸೆಯಬೇಕು. ಗಾರ್ಡ್ನರ್ ಮೂರು ವರ್ಷದ ಕಾಲೇಜು ಆಟದಲ್ಲಿ ತಮ್ಮ ಕಾವಲಿನಲ್ಲಿ ಒಂದೂ ಟಚ್‌ಡೌನ್ (ಚೆಂಡಿನೊಂದಿಗೆ ಗೋಲ್‌ಗೆರೆ ದಾಟಿ ಗಳಿಸುವ ಅಂಕ) ಬಿಟ್ಟುಕೊಡಲಿಲ್ಲ. ಕ್ವಾರ್ಟರ್‌ಬ್ಯಾಕ್‌ಗಳು ಆ ಬದಿಯ ಸುದ್ದಿಗೇ ಹೋಗುವುದನ್ನು ಕಡಿಮೆ ಮಾಡಿದರು. ಚೆಂಡುಗಳೆಲ್ಲ ಇನ್ನೊಂದು ಬದಿಯ ಕೋಬಿ ಬ್ರಯಂಟ್ ಕಡೆ ಹೋದವು. 2021ರಲ್ಲಿ ದೇಶದ ಅತ್ಯುತ್ತಮ ಡಿಫೆನ್ಸಿವ್ ಬ್ಯಾಕ್‌ಗೆ ಕೊಡುವ ಜಿಮ್ ಥಾರ್ಪ್ ಪ್ರಶಸ್ತಿ ಯಾರಿಗೆ ಬಂತು ಗೊತ್ತಾ? ಬ್ರಯಂಟ್‌ಗೆ. ಡ್ರಾಫ್ಟ್‌ನಲ್ಲಿ ಗಾರ್ಡ್ನರ್ 4ನೆಯವರು, ಬ್ರಯಂಟ್ ನಾಲ್ಕನೇ ಸುತ್ತಿನಲ್ಲಿ 109ನೆಯವರು. ತಂಡಗಳು ಪ್ರಶಸ್ತಿ ನೋಡಲಿಲ್ಲ, ಟೇಪ್ ನೋಡಿದವು.

ಮೆಕ್‌ಡಫಿ ಕಾಲೇಜಿನಲ್ಲಿ ಮಾಡಿದ್ದು ಎರಡೇ ಇಂಟರ್‌ಸೆಪ್ಷನ್. 2023ರಲ್ಲಿ ಅವರು ಮೊದಲ ಆಲ್-ಪ್ರೊ ತಂಡದಲ್ಲಿದ್ದರು, ಅಂದರೆ ಲೀಗ್‌ನ ಆ ವರ್ಷದ ಅತ್ಯುತ್ತಮರ ಪಟ್ಟಿಯಲ್ಲಿ. ಅದರ ಎದುರಿಗೆ 2023ರ ಡ್ರಾಫ್ಟ್‌ನ ಇಮ್ಯಾನುಯೆಲ್ ಫೋರ್ಬ್ಸ್ ಅವರನ್ನಿಡಿ. ಮಿಸಿಸಿಪಿ ಸ್ಟೇಟ್‌ನಲ್ಲಿ 14 ಇಂಟರ್‌ಸೆಪ್ಷನ್, ಅದರಲ್ಲಿ 6 ನೇರ ಟಚ್‌ಡೌನ್, ಕಾಲೇಜು ದಾಖಲೆಯೇ ಅದು. ವಾಷಿಂಗ್ಟನ್ 16ನೇ ಆಯ್ಕೆ ಖರ್ಚು ಮಾಡಿತು. ಎರಡನೇ ವರ್ಷ ಮುಗಿಯುವ ಮೊದಲೇ ಕೈಬಿಟ್ಟಿತು. ಕಂಬೈನ್‌ನಲ್ಲಿ (ಡ್ರಾಫ್ಟ್‌ಗೆ ಮುನ್ನ ಹುಡುಗರ ಮೈಕಟ್ಟು, ಓಟ ಅಳೆಯುವ ಶಿಬಿರದಲ್ಲಿ) ಅವರ ತೂಕ 166 ಪೌಂಡ್, ಅಂದರೆ ಸುಮಾರು 75 ಕಿಲೊ. ನೂರು ಕಿಲೊ ದಾಟಿದ ರಿಸೀವರ್‌ಗಳ ಎದುರು ಅದು ದೊಡ್ಡ ತೊಂದರೆಯಾಯಿತು.

ಇಂಟರ್‌ಸೆಪ್ಷನ್ ನೋಡುವುದಾದರೆ ಪ್ರತಿಯೊಂದನ್ನೂ ಬಿಡಿಸಿ ನೋಡಿ. ದಾರಿ ಓದಿ ಮುಂದೆ ಬಂದು ಕಸಿದಿದ್ದೋ, ಯಾರದೋ ಕೈಗೆ ತಗಲಿ ಮಡಿಲಿಗೆ ಬಿದ್ದಿದ್ದೋ?

ಹೆಜ್ಜೆ 7: ಕಂಬೈನ್ ಅಂಕಿಗಳನ್ನು ಕೊನೆಗೆ ತೆರೆಯಿರಿ

ಪ್ರತಿ ವರ್ಷ ಚಳಿಗಾಲದ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ನಡೆಯುತ್ತದೆ. 40 ಯಾರ್ಡ್, ಅಂದರೆ ಸುಮಾರು 36.6 ಮೀಟರ್ ಓಟದ ಮೇಲೇ ಎಲ್ಲರ ಕಣ್ಣು. ಟೇಪ್ ನೋಡುವ ಮೊದಲು ಆ ಅಂಕಿ ನೋಡಿದರೆ ಕಣ್ಣು ಕೆಡುತ್ತದೆ. 4.3 ಓಡಿದವನ ಸೋಲೂ ಗೆಲುವಿನ ಹಾಗೇ ಕಾಣಲು ಶುರುವಾಗುತ್ತದೆ.

2022ರ ಕಂಬೈನ್‌ನಲ್ಲಿ ಬೇಲರ್ ವಿಶ್ವವಿದ್ಯಾಲಯದ ಕೇಲನ್ ಬಾರ್ನ್ಸ್ 4.23 ಸೆಕೆಂಡಿನಲ್ಲಿ ಓಡಿದರು. ವೂಲನ್ 4.26. ಬಾರ್ನ್ಸ್ ಆಯ್ಕೆಯಾಗಿದ್ದು ಏಳನೇ ಸುತ್ತಿನಲ್ಲಿ, 242ನೆಯವರಾಗಿ. ಕೆರೊಲಿನಾ ತಂಡ ಋತು ಶುರುವಾಗುವ ಮೊದಲೇ ಅವರನ್ನು ಬಿಟ್ಟಿತು. ಮುಂದಿನ, 243ನೇ ಆಯ್ಕೆಯಾಗಿ ಕಾನ್ಸಾಸ್ ಸಿಟಿ ಜೇಲನ್ ವಾಟ್ಸನ್ ಅವರನ್ನು ತೆಗೆದುಕೊಂಡಿತು. ಸೆಪ್ಟೆಂಬರ್‌ನಲ್ಲಿ, ಎರಡನೇ ವಾರವೇ ವಾಟ್ಸನ್ ಚಾರ್ಜರ್ಸ್ ಎದುರು ಚೆಂಡು ಕಸಿದು 99 ಯಾರ್ಡ್ ಓಡಿ ಟಚ್‌ಡೌನ್ ಮಾಡಿದರು.

ಹಾಗಂತ ವೇಗ ಬೇಡ ಅಂತಲ್ಲ. 40 ಯಾರ್ಡ್ ಓಟದ ಮೊದಲ 10 ಯಾರ್ಡ್‌ನ ಸಮಯವನ್ನು ಬೇರೆಯಾಗಿ ನೋಡಿ, ಕಾರ್ನರ್‌ಗೆ ದಿನನಿತ್ಯ ಬೇಕಾಗುವುದು ಅದೇ. ದಿಕ್ಕು ಬದಲಿಸುವ ಓಟಗಳನ್ನು ನಿಮ್ಮ ಸೊಂಟದ ಟಿಪ್ಪಣಿಗೆ ಹೋಲಿಸಿ. ಎರಡೂ ಒಂದೇ ಮಾತು ಹೇಳಿದರೆ ಸರಿ. ಬೇರೆ ಬೇರೆ ಹೇಳಿದರೆ ಟೇಪ್‌ಗೆ ಮರಳಿ ಹೋಗಿ. ಕೈಯುದ್ದವೂ ಮುಖ್ಯ, ಆದರೆ ಅದು ಎಲ್ಲಿ ಆಡುತ್ತಾನೆ ಅನ್ನುವುದರ ಮೇಲೆ ನಿಂತಿದೆ. ಮೆಕ್‌ಡಫಿ ಕೈ 29 ಮುಕ್ಕಾಲು ಅಂಗುಲ, ಹೊರಗಿನ ಕಾರ್ನರ್‌ಗೆ ಗಿಡ್ಡ ಅನ್ನುವ ಮಾತು ಆಗಲೇ ಇತ್ತು. ಕಾನ್ಸಾಸ್ ಸಿಟಿ ಅವರನ್ನು ಸ್ಲಾಟ್‌ನಲ್ಲಿ, ಹೊರಗೆ, ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಲು (ಬ್ಲಿಟ್ಝ್), ಎಲ್ಲದಕ್ಕೂ ಬಳಸಿತು.

ಅಲಬಾಮಾದ ಮೊಬೀಲ್‌ನಲ್ಲಿ ನಡೆಯುವ ಸೀನಿಯರ್ ಬೌಲ್ ಅಭ್ಯಾಸದ ದೃಶ್ಯಗಳು ಸಿಕ್ಕರೆ ನೋಡಿ. ಚಿಕ್ಕ ಕಾಲೇಜಿನ ಹುಡುಗರಿಗೆ ದೊಡ್ಡವರ ಎದುರು ಆಡುವ ಅವಕಾಶ ಅಲ್ಲಿ ಸಿಗುತ್ತದೆ. ಒಂದೇ ಎಚ್ಚರಿಕೆ: ಅಲ್ಲಿಯ ಒಬ್ಬರಿಗೊಬ್ಬರು ಅಭ್ಯಾಸದಲ್ಲಿ ಕ್ವಾರ್ಟರ್‌ಬ್ಯಾಕ್ ಮೇಲೆ ಯಾರೂ ನುಗ್ಗುವುದಿಲ್ಲ, ರಿಸೀವರ್‌ಗೆ ಬೇಕಾದಷ್ಟು ಸಮಯ. ಕಾರ್ನರ್ ಸೋತ ಅಂತ ಅಂಕ ಕಳೆಯಬೇಡಿ, ಕಾಲು ನೋಡಿ.

ಹೆಜ್ಜೆ 8: ಟ್ಯಾಕಲ್, ಗಾಯ, ವಯಸ್ಸು

ಟ್ಯಾಕಲ್, ಅಂದರೆ ಚೆಂಡು ಹಿಡಿದವನನ್ನು ಹಿಡಿದು ಬೀಳಿಸುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹತ್ತು ರನ್ ಆಟ ನೋಡಿ. ಗುದ್ದಾಟಕ್ಕೆ ಮುಂದೆ ಬರುತ್ತಾನೋ, ಬ್ಲಾಕ್ ಹಿಂದೆ ಬಚ್ಚಿಟ್ಟುಕೊಳ್ಳುತ್ತಾನೋ ಗೊತ್ತಾಗಿಬಿಡುತ್ತದೆ. ಹೊರಗಿನವನಲ್ಲಿ ಸ್ವಲ್ಪ ಕೊರತೆ ಸಹಿಸಬಹುದು, ನಿಕಲ್‌ನಲ್ಲಿ ಸಹಿಸಬೇಡಿ.

ಗಾಯದ ವಿಷಯದಲ್ಲಿ ನಮಗೆ ತಂಡದ ಡಾಕ್ಟರ ವರದಿ ಸಿಗುವುದಿಲ್ಲ. ನಾವು ಮಾಡಬಹುದಾದ್ದು, ಗಾಯಕ್ಕೆ ಮೊದಲಿನ ಮತ್ತು ನಂತರದ ಟೇಪ್ ಅಕ್ಕಪಕ್ಕ ಇಟ್ಟು ನೋಡುವುದು. ಸ್ಟಿಂಗ್ಲಿ 2019ರಲ್ಲಿ, ಕಾಲೇಜಿನ ಮೊದಲ ವರ್ಷವೇ, ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ತಂಡಕ್ಕೆ 6 ಇಂಟರ್‌ಸೆಪ್ಷನ್ ಮಾಡಿದರು. ಆ ತಂಡ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಅಭ್ಯಾಸದಲ್ಲಿ ದಿನಾ ಎದುರಾಗುತ್ತಿದ್ದವರು ಜಮಾರ್ ಚೇಸ್, ಜಸ್ಟಿನ್ ಜೆಫರ್ಸನ್, ಇಬ್ಬರೂ ಮುಂದೆ ಎನ್‌ಎಫ್‌ಎಲ್‌ನಲ್ಲಿ ದೊಡ್ಡ ಹೆಸರು ಮಾಡಿದ ರಿಸೀವರ್‌ಗಳು. 2021ರಲ್ಲಿ ಪಾದದ ಗಾಯದಿಂದ ಮೂರೇ ಪಂದ್ಯ ಆಡಿದರು. ಡ್ರಾಫ್ಟ್ ದಿನ ಅವರಿಗೆ ಇನ್ನೂ 20 ವರ್ಷ. ಹದಿನೆಂಟರಲ್ಲಿ ದೊಡ್ಡವರ ಎದುರು ಗೆದ್ದವನ ಟೇಪ್‌ಗೆ ಇರುವ ತೂಕ, ಇಪ್ಪತ್ತಮೂರರಲ್ಲಿ ಚಿಕ್ಕವರ ಎದುರು ಗೆದ್ದವನದಕ್ಕೆ ಇಲ್ಲ. ಈಗ ಐದು, ಆರು ವರ್ಷ ಕಾಲೇಜಿನಲ್ಲೇ ಉಳಿಯುವ ಹುಡುಗರು ಇರುವುದರಿಂದ ಇದನ್ನು ಮರೆಯದೆ ನೋಡಿ.

ಹೆಜ್ಜೆ 9: ಬರೆದು ಮುಚ್ಚಿಡಿ

ಒಂದೇ ಪುಟ. ಯಾವ ಕೆಲಸಕ್ಕೆ, ಯಾವ ಪದ್ಧತಿಗೆ. ಅವನು ದಿನಾ ಗೆಲ್ಲುವ ಒಂದು ರೀತಿ. ಮತ್ತೆ ಮತ್ತೆ ಸೋಲುವ ಒಂದು ರೀತಿ, ಅದು ಕಲಿಸಬಹುದಾದ್ದೋ ಅಲ್ಲವೋ. ನೀವಾಗಿದ್ದರೆ ಯಾವ ಸುತ್ತಿನಲ್ಲಿ ತೆಗೆದುಕೊಳ್ಳುತ್ತಿದ್ದಿರಿ. "ಗಾರ್ಡ್ನರ್ ಥರ", "ಸ್ಟಿಂಗ್ಲಿ ಥರ" ಅಂತ ಬರೆಯಬೇಡಿ. ಹಾಗೆ ಬರೆದ ಮೇಲೆ ಎದುರಿಗಿರುವ ಹುಡುಗ ಕಾಣುವುದೇ ಇಲ್ಲ.

ಏಪ್ರಿಲ್ ಕೊನೆಯ ಹೊತ್ತಿನ ಒಂದು ಗುರುವಾರ ರಾತ್ರಿ ಡ್ರಾಫ್ಟ್‌ನ ಮೊದಲ ಸುತ್ತು. ನಮ್ಮ ಊರಲ್ಲಿ ಕೂತು ನೋಡುವವರಿಗೆ ಶುಕ್ರವಾರ ಬೆಳಗ್ಗೆ ಐದೂವರೆ. ಅದಕ್ಕೆ ಮೊದಲೇ ಪುಟದ ಮೇಲೆ ತಾರೀಕು ಹಾಕಿ. ಆಯ್ಕೆ ಆದಮೇಲೆ ತಿದ್ದಬೇಡಿ, ಮೊದಲ ವರ್ಷ ನೋಡಿಯೂ ತಿದ್ದಬೇಡಿ. 2022ರ ಕೊನೆಗೆ ಗಾರ್ಡ್ನರ್ ವರ್ಷದ ಡಿಫೆನ್ಸಿವ್ ರೂಕಿ (ಮೊದಲ ವರ್ಷದ ರಕ್ಷಣಾ ಆಟಗಾರರಲ್ಲಿ ಅತ್ಯುತ್ತಮ), ಮೊದಲ ಆಲ್-ಪ್ರೊ ತಂಡದಲ್ಲೂ ಇದ್ದರು. ಹ್ಯೂಸ್ಟನ್ ತಂಡ ಗಾರ್ಡ್ನರ್ ಅವರನ್ನು ಬಿಟ್ಟು ಸ್ಟಿಂಗ್ಲಿಯನ್ನು ತೆಗೆದುಕೊಂಡಿದ್ದಕ್ಕೆ ಬೈದವರು ಬಹಳ ಜನ. 2024ರ ಮೊದಲ ಆಲ್-ಪ್ರೊ ತಂಡದಲ್ಲಿ ಸ್ಟಿಂಗ್ಲಿ ಇದ್ದರು, ಗಾರ್ಡ್ನರ್ ಇರಲಿಲ್ಲ. ಮೂರು ಋತು ಮುಗಿದ ಮೇಲೆ ಪುಟ ತೆಗೆದು, ಸೋಲುವ ರೀತಿ ಅಂತ ಬರೆದ ಸಾಲನ್ನು ಮೊದಲು ಓದಿ.